ತುಂಬಿಯೇ ಮರಳುತ್ತಿದ್ದ ಬಿಂದಿಗೆ

ನಮ್ಮ ಮನೆಯಲ್ಲೊಂದು ತಾಮ್ರದ ಬಿಂದಿಗೆ ಇದೆ. ಕತ್ತಿನ ಕೆಳಗೆ ಒಂದು ಕಡೆ ಕೊಂಚ ನೆಗ್ಗಿದೆ. ನಾನು ಚಿಕ್ಕವನಿದ್ದಾಗ ಬಾವಿಕಟ್ಟೆಯಿಂದ ಬೀಳಿಸಿದ್ದಂತೆ. ನನಗೆ ನೆನಪಿಲ್ಲ, ಆದರೆ ಮನೆಯವರೆಲ್ಲ ಐವತ್ತು ವರ್ಷ ಒಂದೇ ಮಾತನ್ನು ಹೇಳುತ್ತ ಬಂದರೆ ಯಾವ ಆರೋಪಿಯಾದರೂ ಒಪ್ಪಿಕೊಳ್ಳಲೇಬೇಕಾಗುತ್ತದೆ. ವರ್ಷದ ಬಹುಪಾಲು ದಿನ ಅಡುಗೆಮನೆಯ ಮೂಲೆಯಲ್ಲಿ ಮಂಕಾಗಿ ಕೂತಿರುವ ಈ ಬಿಂದಿಗೆ, ಕಾಫಿ ಕುಯ್ಲು ಶುರುವಾಯಿತೆಂದರೆ ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಂಡು, ಮದುವೆಗೆ ಹೊರಟವರಂತೆ ಹೊಳೆಯುತ್ತ ನನ್ನ ಹೆಗಲೇರುತ್ತದೆ. ವನಗೂರಿನ ಕಡೆಯ ಏರಿನಲ್ಲಿ ನಮ್ಮದು ಎಂಟೆಕರೆ ರೊಬಸ್ಟಾ ತೋಟ. ಮನೆ ಕೆಳಗೆ, ತೋಟ ಅರ್ಧ ಮೈಲಿ ಮೇಲೆ. ಹಣ್ಣು ಬಿಡಿಸುವ ಹೆಂಗಸರಿಗೆ ಕುಡಿಯಲು ನೀರು ಹೊತ್ತುಕೊಂಡು ಹೋಗುವುದು ತೋಟದ ಯಜಮಾನನ ಕೆಲಸ ಎಂಬುದು ನಮ್ಮ ಮನೆಯ ಪದ್ಧತಿ, ತೋಟದವರೆಗೆ ಜೀಪು ಹತ್ತುವಂತಾದ ಮೇಲೂ ಅದನ್ನು ನಾನು ತಪ್ಪಿಸಿದವನಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಹೊತ್ತು ಹತ್ತುತ್ತಿದ್ದೆ, ಸಂಜೆ ಐದಕ್ಕೆ ಹೊತ್ತು ಇಳಿಯುತ್ತಿದ್ದೆ. ಸೋಜಿಗವೆಂದರೆ ಹೋಗುವಾಗ ಬಿಂದಿಗೆ ಎಷ್ಟು ಭಾರವೋ ಬರುವಾಗಲೂ ಅಷ್ಟೇ ಭಾರ; ಎರಡು ಲೋಟದಷ್ಟು ಕಡಿಮೆಯಾಗಿದ್ದರೆ ಅದು ನಾನು ಏರಿನಲ್ಲಿ ಎಡವಿ ಚೆಲ್ಲಿಕೊಂಡದ್ದು. ಒಂಬತ್ತು ಜನ ಹೆಂಗಸರು ಇಡೀ ದಿನ ಬಿಸಿಲಿನಲ್ಲಿ ನಿಂತು ಹಣ್ಣು ಬಿಡಿಸಿದರೂ ನೀರು ಮುಟ್ಟುವುದಿಲ್ಲ ಎಂಬುದಕ್ಕೆ ನಾನು ಬಹಳ ಯೋಚಿಸದೆ ಒಂದು ಕಾರಣ ಕಂಡುಕೊಂಡಿದ್ದೆ: ನಮ್ಮ ತೋಟ ತಂಪು. ಮರ ದಟ್ಟವಾಗಿದೆ, ಹಳ್ಳ ಹತ್ತಿರದಲ್ಲಿದೆ, ಬಾಯಾರಿಕೆ ಎಲ್ಲಿಂದ ಬರಬೇಕು? ಬಂದ ನೆಂಟರಿಗೆಲ್ಲ ಇದನ್ನು ಹೆಮ್ಮೆಯಿಂದ ಹೇಳಿದೆ. ಲೋಕವೇ ಬಿಸಿಯಾಗುತ್ತಿದೆಯೆಂದು ಪತ್ರಿಕೆಗಳು ಬರೆಯುತ್ತಿದ್ದವು, ನಮ್ಮ ಬಿಂದಿಗೆ ಮಾತ್ರ ಮೂರು ಕುಯ್ಲಿನಿಂದ ನಮ್ಮ ಗುಡ್ಡ ತಣ್ಣಗಾಗುತ್ತಿದೆಯೆಂದು ವರದಿ ಕೊಡುತ್ತಿತ್ತು. ನಾನು ಬಿಂದಿಗೆಯನ್ನು ನಂಬಿದೆ.

ಮರಳಿ ಬಂದ ನೀರನ್ನು ಚೆಲ್ಲುವವನೂ ನಾನಲ್ಲ. ಸಂಜೆ ಕೈಕಾಲು ತೊಳೆದು ಜಗಲಿಯಲ್ಲಿ ಕೂತು, ಅದೇ ಬಿಂದಿಗೆಯಿಂದ ದೊಡ್ಡ ಲೋಟದ ತುಂಬ ನೀರು ಬಗ್ಗಿಸಿಕೊಂಡು, ಅದಕ್ಕೊಂದು ಚಮಚ ಇಸಬ್‌ಗೋಲ್ ಹೊಟ್ಟು ಹಾಕಿ ಗರಗರ ಕಲಸಿ ಒಂದೇ ಉಸಿರಿಗೆ ಕುಡಿಯುತ್ತಿದ್ದೆ. ದಿನವಿಡೀ ತಾಮ್ರದಲ್ಲಿದ್ದು, ಗುಡ್ಡದ ಗಾಳಿ ಕುಡಿದು ಬಂದ ನೀರು ಹೊಟ್ಟೆಗೆ ಇನ್ನಷ್ಟು ಒಳ್ಳೆಯದೆಂಬ ಒಂದು ಸಿದ್ಧಾಂತವನ್ನೂ ಕಟ್ಟಿಕೊಂಡಿದ್ದೆ. ಅದರ ಸತ್ಯಾಸತ್ಯತೆ ನನಗೆ ಗೊತ್ತಿಲ್ಲ, ಆದರೆ ಬೆಳಿಗ್ಗೆಗಳು ಸಲೀಸಾಗಿದ್ದವು.

ಇಲ್ಲಿಗೆ ಮಾತು ಹೊಟ್ಟೆಯ ಕಡೆ ತಿರುಗಿತು. ಊಟಕ್ಕೆ ಕೂತು ಓದುತ್ತಿರುವ ಗೆಳೆಯರು ಕೈ ತೊಳೆದ ಮೇಲೆ ಮುಂದುವರಿಸಬಹುದು. ಮಲಬದ್ಧತೆ ಎಂಬ ಪದವನ್ನು ನಾನು ಔಷಧದ ಡಬ್ಬಿಗಳ ಮೇಲಲ್ಲದೆ ಮನುಷ್ಯರ ಬಾಯಲ್ಲಿ ಕೇಳಿದ್ದು ಕಡಿಮೆ. ಬಾಯಲ್ಲಿ ಅದು ‘ಹೊಟ್ಟೆ ಯಾಕೋ ಸರಿಯಿಲ್ಲ’ ಎಂದೋ, ‘ಸಲೀಸಾಗಿ ಆಗ್ತಿಲ್ಲ’ ಎಂದೋ ತಲೆಗೆ ಮುಸುಕು ಹಾಕಿಕೊಂಡು ಬರುತ್ತದೆ. ಯಸಳೂರಿನ ಬಸ್ಸಿನಲ್ಲಿ ಕೂತರೆ ಹತ್ತು ನಿಮಿಷದಲ್ಲಿ ಯಾರ ಸಕ್ಕರೆ ಎಷ್ಟು, ಯಾರ ಬಿಪಿ ಎಷ್ಟು, ಯಾರ ಮಂಡಿಯ ಚಿಪ್ಪು ಎಷ್ಟು ಸವೆದಿದೆ ಎಂಬುದೆಲ್ಲ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಪ್ರಚಾರವಾಗುತ್ತದೆ. ಇದೊಂದು ಮಾತ್ರ ಯಾರೂ ಟಿಕೆಟ್ ಕೊಡದ ಪ್ರಯಾಣಿಕ. ಎದುರಾದವರನ್ನು ಊಟ ಆಯ್ತಾ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆ, ಉಂಡದ್ದು ಏನಾಯ್ತು ಎಂದು ಕೇಳಿದರೆ ಮರ್ಯಾದೆ ಹೋಗುತ್ತದೆ. ನಾನೇ ಯಸಳೂರಿನ ಮೆಡಿಕಲ್ ಸ್ಟೋರನ್ನು ದಾಟಿ, ಯಾರೂ ಪರಿಚಯವಿಲ್ಲದ ಅಂಗಡಿ ಹುಡುಕಿಕೊಂಡು ಸಕಲೇಶಪುರದವರೆಗೆ ಹೋಗಿ ಔಷಧ ತಂದವನು. ಅಲ್ಲಿ ಅಂಗಡಿಯಾಕೆ ‘ಮೋಷನ್ನಿಗಾ ಸಾರ್?’ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದಾಗ ತಿರುಗಿ ನೋಡಿದರೆ ಹಿಂದೆ ನಿಂತವರು ನಮ್ಮ ಬೀಗರು.

ನನ್ನ ಹೊಟ್ಟೆಯದು ಹಳೆಯ ಕಥೆ. ಇಪ್ಪತ್ತು ವರ್ಷ ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿ ಕೂತು ಹಾಜರಿ ಬರೆದ ಮೈಯಿದು. ಕೂತದ್ದರ ಫಲ ಕೆಳಗೇ ಕೂತುಬಿಟ್ಟಿತ್ತು. ಮೊದಲು ಹರಳೆಣ್ಣೆಯಾಯಿತು, ಆಮೇಲೆ ಸೋನಾಮುಖಿ ಎಲೆಯ ಕಷಾಯವಾಯಿತು, ಮಾಗಿದ ಬಾಳೆಹಣ್ಣನ್ನು ಎರಡು ಹೊತ್ತು ತಿಂದದ್ದಾಯಿತು. ಕೊನೆಗೆ ಯಾರೋ ಹೇಳಿದ ಪುಟ್ಟ ಭೇದಿ ಮಾತ್ರೆ ಕೈಗೆ ಸಿಕ್ಕಿತು. ರಾತ್ರಿ ನುಂಗಿದರೆ ಬೆಳಿಗ್ಗೆ ಕೆಲಸ ಖಚಿತ. ಇಷ್ಟು ನಿಯತ್ತಿನ ಆಳು ಯಾವ ಎಸ್ಟೇಟಿನಲ್ಲೂ ಸಿಕ್ಕಿರಲಿಲ್ಲವಾದ್ದರಿಂದ ದಿನಾ ಕರೆಯತೊಡಗಿದೆ. ವರ್ಷ ಕಳೆಯುವುದರಲ್ಲಿ ಒಂದು ಸಾಲದೆ ಎರಡಾಯಿತು, ಎರಡೂ ಸಾಲದ ದಿನಗಳು ಬಂದವು, ಮಾತ್ರೆಯಿಲ್ಲದ ದಿನ ಕರುಳು ಕೆಲಸಕ್ಕೇ ಬಾರದೆ ರಜೆ ಹಾಕತೊಡಗಿತು.

ಸಕಲೇಶಪುರದ ವಯಸ್ಸಾದ ಡಾಕ್ಟರೊಬ್ಬರು ನನ್ನನ್ನು ಎದುರಿಗೆ ಕೂರಿಸಿಕೊಂಡು, ಶಾಲೆಯ ಮಕ್ಕಳಿಗೆ ಹೇಳುವಷ್ಟು ತಾಳ್ಮೆಯಿಂದ, ಈ ಔಷಧಗಳಲ್ಲೂ ಬೇರೆಬೇರೆ ಜಾತಿಯಿದೆಯೆಂದು ತಿಳಿಸಿದರು. ನಾನು ನುಂಗುತ್ತಿದ್ದದ್ದು ಕರುಳನ್ನು ಬೆದರಿಸಿ ಓಡಿಸುವ ಜಾತಿಯದು. ಅದು ಎಂದೋ ಒಂದೆರಡು ದಿನಕ್ಕೆ ಸರಿ, ಡಾಕ್ಟರು ಹೇಳದೆ ದಿನಾ ನುಂಗುವಂಥದ್ದಲ್ಲ. ಇನ್ನೊಂದು ಸಿಹಿಯಾದ ಸಿರಪ್ಪು, ಕರುಳಿಗೆ ನೀರನ್ನು ಎಳೆದು ತಂದು ಮೆದು ಮಾಡುವಂಥದ್ದು. ಮೂರನೆಯದು ಈ ಹೊಟ್ಟು. ಅದು ತಾನೇ ನೀರು ಕುಡಿದು ಉಬ್ಬಿ, ಒಳಗಿರುವುದನ್ನು ತನ್ನ ಜೊತೆ ಕರೆದುಕೊಂಡು ಹೊರಡುತ್ತದೆ. ಅರ್ಧ ಚಮಚದಿಂದ ಶುರು ಮಾಡಬೇಕು, ದೊಡ್ಡ ಲೋಟದ ತುಂಬ ನೀರಿನಲ್ಲಿ ಕಲಸಿ ಗಟ್ಟಿಯಾಗುವ ಮೊದಲೇ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು, ಕುಡಿದ ತಕ್ಷಣ ಮಲಗಬಾರದು, ಬೇರೆ ಮಾತ್ರೆಗಳಿದ್ದರೆ ಎರಡು ಗಂಟೆಯ ಅಂತರವಿರಬೇಕು, ಮಾರನೆಯ ದಿನವೇ ಫಲ ಕೇಳದೆ ಎರಡು ಮೂರು ದಿನ ಕಾಯಬೇಕು. ‘ನೀರು ಕೊಡದೆ ಇದನ್ನ ನುಂಗಿದ್ರೆ ಇದು ಹೊಟ್ಟೆಯಲ್ಲಿರೋ ನೀರನ್ನೇ ಕುಡಿದು ಗಟ್ಟಿಯಾಗಿ ಕೂತ್ಕೊಳ್ಳುತ್ತೆ, ಆಮೇಲೆ ನಿಮ್ಮನ್ನ ಕೂರೋಕೆ ಬಿಡೋದಿಲ್ಲ’ ಎಂದು ನಕ್ಕರು. ಹೊಟ್ಟೆನೋವು ಜೋರಾಗಿದ್ದರೆ, ವಾಂತಿಯಿದ್ದರೆ, ರಕ್ತ ಕಂಡರೆ, ವಾರಗಟ್ಟಲೆ ಏನೂ ಆಗದಿದ್ದರೆ ಯಾವ ಪುಡಿಯನ್ನೂ ಮಾತ್ರೆಯನ್ನೂ ಮುಟ್ಟದೆ ಆಸ್ಪತ್ರೆಗೆ ಬರಬೇಕೆಂದು ಹೇಳುವಾಗ ಮಾತ್ರ ಅವರು ನಗಲಿಲ್ಲ.

ಅಲ್ಲಿಂದ ನನ್ನ ಹೊಟ್ಟೆ ದಾರಿಗೆ ಬಂತು, ನಾನು ದಾರಿ ತಪ್ಪಿದೆ. ವಾಸಿಯಾದ ರೋಗಿಯಷ್ಟು ಅಪಾಯದ ವೈದ್ಯ ಬೇರೆಯಿಲ್ಲ. ನನಗೆ ಬಂದ ಸುಖವನ್ನು ಊರಿಗೆಲ್ಲ ಹಂಚುವ ಹುರುಪಿನಲ್ಲಿ, ಯಾರ ಮುಖ ಸ್ವಲ್ಪ ಬಾಡಿದ್ದರೂ ಅದು ಹೊಟ್ಟೆಯದೇ ಎಂದು ಗುರುತಿಸುವ ದಿವ್ಯದೃಷ್ಟಿ ಬಂದಂತಾಗಿ, ಮನೆಯಲ್ಲಿ ಯಾವಾಗಲೂ ಒಂದು ಡಬ್ಬಿ ಹೆಚ್ಚಾಗಿ ತಂದಿಟ್ಟಿರುತ್ತಿದ್ದೆ. ‘ನಿಮ್ಮ ಭಾಷಣ ಕೇಳಿಯೇ ಜನಕ್ಕೆ ಸಲೀಸಾಗುತ್ತೆ ಬಿಡಿ’ ಎಂದು ನನ್ನ ಹೆಂಡತಿ ಕಮಲ ಹಂಗಿಸುತ್ತಿದ್ದಳು. ನಾನದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ಸಾವಿತ್ರಕ್ಕ ಈ ಕಥೆಯೊಳಗೆ ಬರುವುದು ಹೀಗೆ. ದಾಯಾದಿಗಳ ಪೈಕಿ ನನಗೆ ಅಕ್ಕನಾಗಬೇಕು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮ ಮನೆಯ ಕೆಳಗಿನ ತಿರುವಿನಲ್ಲಿ ಅವಳದೂ ಎರಡೆಕರೆ ಕಾಫಿಯಿದೆ. ನಾವು ನಾಲ್ಕು ಮನೆಯವರು ಕುಯ್ಲಿನಲ್ಲಿ ಮುಯ್ಯಾಳು ಮಾಡಿಕೊಳ್ಳುತ್ತೇವೆ, ಎಂದರೆ ಇಂದು ಅವರೆಲ್ಲ ನಮ್ಮ ತೋಟಕ್ಕೆ, ನಾಳೆ ನಾವೆಲ್ಲ ಅವರ ತೋಟಕ್ಕೆ. ಎಲ್ಲರಿಗಿಂತ ದೊಡ್ಡದೂ ಮನೆಗೆ ದೂರದ್ದೂ ನಮ್ಮ ತೋಟವೇ ಆದ್ದರಿಂದ ಹೆಚ್ಚು ದಿನ ಕಳೆಯುವುದು ನಮ್ಮಲ್ಲಿ. ಸಾವಿತ್ರಕ್ಕನ ಕೈಗೆ ಸಿಕ್ಕ ರೆಂಬೆಯಲ್ಲಿ ಒಂದು ಹಣ್ಣೂ ಉಳಿಯುವುದಿಲ್ಲ, ಅವಳ ಬಾಯಿಗೆ ಸಿಕ್ಕ ಮನುಷ್ಯನೂ ಅಷ್ಟೆ. ಅಂಥವಳು ಕಳೆದ ಕುಯ್ಲಿನ ಮೊದಲ ಸುತ್ತಿನಲ್ಲಿ ಒಂದು ಸಂಜೆ ಜಗಲಿಯ ಹತ್ತಿರ ನಿಂತು, ಅಕ್ಕಪಕ್ಕ ನೋಡಿ, ಅವಳದಲ್ಲದ ಸಣ್ಣ ದನಿಯಲ್ಲಿ ಹೇಳಿದಳು: ‘ತಮ್ಮಯ್ಯ, ಅದೇನೋ ಪುಡಿ ತಗತೀಯಂತಲ್ಲ, ಕಮಲ ಹೇಳುದ್ಲು. ನನಗೂ ಎಂಟ್ ದಿನ ಆಗೋಯ್ತು ಮಾರಾಯ, ಹೊಟ್ಟೆ ಕಲ್ಲಾಗ್ಬುಟ್ಟೈತೆ.’

ಎಂಟು ದಿನ ಎಂಬ ಮಾತು ಕಿವಿಗೆ ಬಿದ್ದಾಗಲೇ ನಾನು ಜೀಪು ತೆಗೆಯಬೇಕಿತ್ತು. ಮಂಡಿನೋವಿಗೆ ಅವಳು ನುಂಗುವ ಮಾತ್ರೆ ಯಾವುದು, ರಕ್ತ ಕಡಿಮೆಯೆಂದು ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆ ಇನ್ನೂ ನುಂಗುತ್ತಿದ್ದಾಳೆಯೇ ಎಂದಾದರೂ ಕೇಳಬೇಕಿತ್ತು. ಎರಡೂ ಹೊಟ್ಟೆ ಕಟ್ಟುವಂಥವೇ. ಬದಲಿಗೆ ನಾನು ಹೆಚ್ಚಿನ ಡಬ್ಬಿಯನ್ನು ತಂದು ಅವಳ ಕೈಯಲ್ಲಿಟ್ಟು ಭಾಷಣ ಶುರು ಮಾಡಿದೆ. ಅರ್ಧ ಚಮಚ ಅಕ್ಕ, ದೊಡ್ಡ ಲೋಟದ ತುಂಬ ನೀರು, ಆಮೇಲೂ ದಿನವಿಡೀ ಕುಡೀತಾ ಇರಬೇಕು ಎಂದೆ. ಅವಳು ಡಬ್ಬಿಯನ್ನು ತಿರುಗಿಸಿ ನೋಡಿ, ‘ನೀರ್ ಕಮ್ಮಿ ಮಾಡ್ಕಂಡ್ರೆ ಆಗಾಕಿಲ್ವೇನೋ?’ ಎಂದು ಕೇಳಿದಳು. ಎಲ್ಲಕ್ಕೂ ಚೌಕಾಸಿ ಮಾಡುವ ಅಕ್ಕ ಇದರಲ್ಲೂ ಮಾಡುತ್ತಿದ್ದಾಳೆ ಅನ್ನಿಸಿ ನಾನು ನಕ್ಕುಬಿಟ್ಟೆ. ತಂಪಿನ ಜಾಗದವರಿಗೆ ಬಾಯಾರಿಕೆ ಇಲ್ಲದ್ದೇ ತೊಂದರೆ ಎಂದು ನನ್ನ ಹಳೆಯ ಸಿದ್ಧಾಂತವನ್ನೂ ಸೇರಿಸಿದೆ. ಅವಳು ಡಬ್ಬಿಯನ್ನು ಸೆರಗಿನೊಳಗಿಟ್ಟುಕೊಂಡು ಇಳಿದುಹೋದಳು.

ಅವಳು ಮಾಡಿದ್ದು ಆಮೇಲೆ ತಿಳಿಯಿತು. ಬೆಳಿಗ್ಗೆ ತೋಟಕ್ಕೆ ಹೊರಡುವ ಮುಂಚೆ, ಬೇಗ ಆಗಲಿ ಎಂದು ಎರಡು ಚಮಚ ಹೊಟ್ಟನ್ನು ಬಾಯಿಗೆ ಹಾಕಿಕೊಂಡು ಅರ್ಧ ಲೋಟ ಕಾಫಿಯಲ್ಲಿ ನುಂಗಿದ್ದಳು. ಹೀಗೆ ಮೂರು ದಿನ. ಏನೂ ಆಗಲಿಲ್ಲವೆಂದು ಮೂರನೆಯ ದಿನ ಸಂಜೆ ಯಾರಿಂದಲೋ ಎರಡು ಭೇದಿ ಮಾತ್ರೆ ಇಸಿದುಕೊಂಡು ಅವನ್ನೂ ನುಂಗಿದ್ದಳು. ಮಾರನೆಯ ದಿನ ಹನ್ನೊಂದರ ಹೊತ್ತಿಗೆ ನಮ್ಮ ತೋಟದ ಹಲಸಿನ ಮರದ ಬುಡದಲ್ಲಿ ಹಣ್ಣಿನ ಚೀಲ ಇಳಿಸಿ ಕೂತವಳು ಏಳಲಿಲ್ಲ. ಹೋಗಿ ನೋಡಿದರೆ ಮುಖ ಬೆವೆತು ಬಿಳುಚಿಕೊಂಡಿತ್ತು, ಎರಡು ಸಲ ವಾಂತಿಯಾಗಿತ್ತು, ಹೊಟ್ಟೆ ಬಿಗಿದು ಎದ್ದು ಕಾಣುತ್ತಿತ್ತು. ‘ಗ್ಯಾಸು ಕಣೋ, ಹೋಗ್ತೈತೆ ಬುಡು’ ಎಂದಳು, ಆದರೆ ಆ ಮಾತಿನ ನಡುವೆಯೇ ನನ್ನ ಮುಂಗೈಯನ್ನು ಹಿಡಿದುಕೊಂಡ ಹಿಡಿತ ಗ್ಯಾಸಿನದಾಗಿರಲಿಲ್ಲ. ಕಮಲ ಅವಳನ್ನು ತಬ್ಬಿ ಹಿಂದೆ ಕೂತಳು, ನಾನು ಜೀಪು ಇಳಿಸಿದೆ. ವನಗೂರಿನ ಆ ತಿರುವುಗಳನ್ನು ನಾನು ಸಾವಿರ ಸಲ ಇಳಿದಿದ್ದೇನೆ. ಅವತ್ತು ಒಂದೊಂದು ಗುಂಡಿಯೂ ಲೆಕ್ಕಕ್ಕೆ ಬಂತು. ನನಗೆ ಭಯವಾಯಿತು. ಅವಳು ಸತ್ತರೆ ನಾನು ಕೊಟ್ಟ ಡಬ್ಬಿಯಿಂದ ಸಾಯುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು.

ಸಕಲೇಶಪುರದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಎಕ್ಸರೇ ತೆಗೆಸಿ, ಡ್ರಿಪ್ ಹಾಕಿಸಿ, ಕರುಳಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ, ಪೂರ್ತಿ ಮುಚ್ಚಿಲ್ಲ, ಇನ್ನೊಂದು ದಿನ ತಡೆದಿದ್ದರೆ ಹಾಸನಕ್ಕೆ ಕಳಿಸಿ ಹೊಟ್ಟೆ ಕುಯ್ಯಿಸಬೇಕಾಗುತ್ತಿತ್ತು ಎಂದರು. ಮಾತ್ರೆಗಳ ಹೆಸರು ಕೇಳಿದರು, ಪುಡಿಯ ವಿಚಾರ ಕೇಳಿದರು. ನಾನು ಕೊಟ್ಟದ್ದೆಂದು ಒಪ್ಪಿಕೊಂಡೆ. ಕಟ್ಟಿಕೊಂಡಿರುವ ಹೊಟ್ಟೆಗೆ ನೀರಿಲ್ಲದೆ ಹೊಟ್ಟು ತುಂಬಿದ್ದೊಂದು ತಪ್ಪು, ಅದರ ಮೇಲೆ ಭೇದಿ ಮಾತ್ರೆ ಕೊಟ್ಟು ಒದೆಯಲು ಹೋದದ್ದು ಇನ್ನೊಂದು ತಪ್ಪು ಎಂದು ಅವರು ಬೈಯದೆ ಹೇಳಿದ್ದು ಬೈದದ್ದಕ್ಕಿಂತ ಚೆನ್ನಾಗಿ ತಾಕಿತು. ಆಮೇಲೆ ಮಂಚದ ಕಡೆ ಬಗ್ಗಿ, ‘ದಿನಕ್ಕೆ ನೀರು ಎಷ್ಟು ಕುಡೀತೀರಮ್ಮ?’ ಎಂದರು.

ಉತ್ತರ ಹೇಳಿದವನು ನಾನು. ‘ನಮ್ಮದು ತಂಪು ಜಾಗ ಡಾಕ್ಟ್ರೇ, ಕುಯ್ಲಿನಲ್ಲಿ ಇವರಿಗೆ ಬಾಯಾರಿಕೆ ಆಗೋದಿಲ್ಲ. ನಾನು ಬಿಂದಿಗೆ ತುಂಬ ತಗೊಂಡು ಹೋಗ್ತೀನಿ, ಹಾಗೇ ವಾಪಸ್ ಬರುತ್ತೆ.’

ಮಂಚದ ಮೇಲೆ ಕಣ್ಣು ಮುಚ್ಚಿದ್ದ ಸಾವಿತ್ರಕ್ಕ ಕಣ್ಣು ಬಿಟ್ಟಳು. ‘ತಂಪೂ ಇಲ್ಲ, ಮಣ್ಣೂ ಇಲ್ಲ ಕಣೋ ತಮ್ಮಯ್ಯ. ಕುಡುದ್ರೆ ಎಲ್ಲಿಗ್ ಹೋಗಾದು?’

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು. ಡಾಕ್ಟರು ನನ್ನನ್ನು ನೋಡಲಿಲ್ಲ, ಚೀಟಿಯಲ್ಲಿ ಏನೋ ಬರೆಯತೊಡಗಿದರು. ಹೊರಗಿನ ಬೆಂಚಿನ ಮೇಲೆ ಕೂತು ಕಮಲ ಉಳಿದದ್ದನ್ನು ಹೇಳಿದಳು. ನಮ್ಮ ತೋಟದ ಹಳ್ಳದ ಮಗ್ಗುಲಲ್ಲಿ ಆಳೆತ್ತರದ ಲಂಟಾನ ಪೊದೆಯಿತ್ತು. ಆನೆಗಳು ಮರೆಯಾಗಿ ನಿಲ್ಲುತ್ತವೆಂದು ಮೂರು ವರ್ಷದ ಹಿಂದೆ ನಾನದನ್ನು ಬುಡಸಮೇತ ಕಡಿಸಿ, ಬಯಲು ಮಾಡಿ, ಅದರ ಪಕ್ಕದಲ್ಲೇ ಜೀಪು ಹತ್ತುವ ದಾರಿ ಮಾಡಿಸಿದ್ದೆ; ಎದುರು ಗುಡ್ಡದಲ್ಲಿ ಹೋಮ್‌ಸ್ಟೇ ಕಟ್ಟಿದವರು ಅದೇ ವರ್ಷ ನಮ್ಮ ಇಳಿಜಾರಿಗೆ ಮುಖ ಮಾಡಿ ಅಟ್ಟಣೆ ಹಾಕಿದರು. ತೋಟ ಅಚ್ಚುಕಟ್ಟಾಯಿತೆಂದು ನಾನು ಫೋಟೋ ತೆಗೆದು ಹಂಚಿದ್ದೆ. ‘ಅದು ನಮ್ಮ ಜಾಗ ಕಣ್ರೀ. ಹೆಂಗಸ್ರು ಹೋಗ್ತಿದ್ದದ್ದು ಅಲ್ಲಿಗೇಯ. ನೀವು ಕಡಿಸ್ಬುಟ್ರಿ. ಈಗ ದೂರ ಹೋಗಾಕೆ ಆನೆ ಭಯ, ಹತ್ರ ಕೂರಾಕೆ ಮಾನದ ಭಯ. ಅದ್ಕೇ ಬೆಳಗಿಂದ ಸಂಜೆಗಂಟ ಯಾರೂ ನೀರು ಮುಟ್ಟಲ್ಲ. ಬೆಳಿಗ್ಗೆ ಹೊಟ್ಟೆ ಕರೆದ್ರೂ ತಡ್ಕಂಡು ತಡ್ಕಂಡು, ಈಗ ಕರೆಯೋದೇ ನಿಂತೋಗೈತೆ.’ ನೀನ್ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ‘ಇದನ್ನ ಯಾವ ಬಾಯಲ್ಲಿ ಹೇಳಾದು? ನಾನೂ ಮೂರ್ ವರ್ಷದಿಂದ ಕುಡೀತಿಲ್ಲ. ನೀವೇ ಕಂಡ್ಕತೀರ ಅನ್ಕಂಡಿದ್ದೆ’ ಎಂದಳು.

ಆಗ ನೆನಪಾಯಿತು, ಪೊದೆ ಕಡಿಸುವುದಕ್ಕೆ ಮೊದಲಿನ ವರ್ಷಗಳಲ್ಲಿ ಬಿಂದಿಗೆ ಬರಿದಾಗಿಯೇ ಮರಳುತ್ತಿತ್ತು. ಎರಡು ಬೆರಳಿಗೆ ಸಿಕ್ಕಿಸಿಕೊಂಡು ತೂಗಾಡಿಸುತ್ತ ಇಳಿದು ಬರುತ್ತಿದ್ದೆ. ಭಾರವಾದ ಮೇಲೆ ಹೆಗಲು ಬದಲಾಯಿಸಿದೆನೇ ಹೊರತು ಯಾಕೆ ಭಾರವಾಯಿತೆಂದು ಒಂದು ದಿನವೂ ಕೇಳಲಿಲ್ಲ. ಇಪ್ಪತ್ತು ವರ್ಷ ಹಾಜರಿ ಬರೆದವನು ನಾನು. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಎಷ್ಟು ಚೀಲ ತುಂಬಿದರು ಎಂಬುದು ನನ್ನ ಕಣ್ಣು ತಪ್ಪಿದ್ದಿಲ್ಲ. ಗಂಡಸರಾದ ನಮಗೆ ಯಾವ ಸಿಲ್ವರ್ ಮರದ ಬುಡವಾದರೂ ಸಾಕು, ಅತ್ತ ತಿರುಗಿ ನಿಂತರೆ ಇಡೀ ಘಟ್ಟವೇ ನಮ್ಮದು. ಹಾಗಾಗಿ ಒಂಬತ್ತು ಹೆಂಗಸರು ಎಂಟು ಗಂಟೆಯ ಕಾಲ ಎಲ್ಲಿಗೂ ಹೋಗುವುದಿಲ್ಲ ಎಂಬುದು ನನ್ನ ತಲೆಗೆ ಒಂದು ಪ್ರಶ್ನೆಯಾಗಿಯೂ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು, ಗೆಳೆಯರೇ. ಬೀಗರ ಎದುರು ಅಂಗಡಿಯಲ್ಲಿ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

ಮನೆಗೆ ಬಂದು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಸಾಕಷ್ಟು ನೀರಿನೊಂದಿಗೆ ಸೇವಿಸಿ ಎಂದಿತ್ತು. ಬರೆದವರದು ತಪ್ಪಿಲ್ಲ, ಅವರು ಬರೆಯಬೇಕಾದ್ದನ್ನು ಬರೆದಿದ್ದಾರೆ. ಆದರೆ ಸಾಕಷ್ಟು ನೀರು ಎಂಬ ಎರಡು ಮಾತಿನೊಳಗೆ ಎಷ್ಟೆಲ್ಲ ಇದೆ ನೋಡಿ: ಆ ನೀರು ಸಿಗಬೇಕು, ಅದನ್ನು ಕುಡಿಯಲು ಧೈರ್ಯ ಬೇಕು, ಕುಡಿದ ಮೇಲೆ ಎದ್ದು ಹೋಗಲು ಒಂದು ಮರೆ ಬೇಕು, ಹೋದದ್ದನ್ನು ಯಾರೂ ಗಮನಿಸದಷ್ಟು ಸೌಜನ್ಯ ಸುತ್ತಲಿನವರಿಗೆ ಬೇಕು. ಇಷ್ಟೂ ನನಗೆ ಹುಟ್ಟಿನಿಂದ ಸಿಕ್ಕಿದ್ದರಿಂದ ನಾನು ಆ ಸಾಲನ್ನು ಬರೀ ಲೋಟದ ಅಳತೆಯೆಂದು ಓದಿಕೊಂಡಿದ್ದೆ. ಎಂಟು ದಿನ ಕಟ್ಟಿದ ಹೊಟ್ಟೆಗೆ ಕೊಡಬಾರದಿತ್ತು ಎಂಬುದನ್ನು ಬಿಟ್ಟರೆ ನಾನು ಕೊಟ್ಟ ಔಷಧ ಸರಿಯಾಗಿತ್ತು, ಹೇಳಿದ ಕ್ರಮವೂ ಬಹುಮಟ್ಟಿಗೆ ಸರಿಯಾಗಿತ್ತು. ಅವಳ ದಿನ ಹೇಗಿದೆಯೆಂಬುದೊಂದು ನನಗೆ ತಿಳಿದಿರಲಿಲ್ಲ.

ಸಾವಿತ್ರಕ್ಕ ಡ್ರಿಪ್ಪು, ಎನಿಮಾ ಎಲ್ಲ ಮುಗಿಸಿಕೊಂಡು ಮೂರನೆಯ ದಿನ ಮನೆಗೆ ಬಂದಳು. ಮಂಡಿನೋವಿನ ಮಾತ್ರೆಯನ್ನು ಡಾಕ್ಟರು ಬದಲಾಯಿಸಿದ್ದರು, ಕಬ್ಬಿಣದ ಮಾತ್ರೆಯ ಜೊತೆಗೆ ಒಂದು ಸಿಹಿ ಸಿರಪ್ಪನ್ನು ಕೆಲವು ದಿನದ ಮಟ್ಟಿಗೆ ಬರೆದಿದ್ದರು. ಅಷ್ಟರಲ್ಲಿ ನಾನು ಮೊದಲ ಸುತ್ತಿನ ಕುಯ್ಲನ್ನು ನಿಲ್ಲಿಸಿ, ತೋಟದಲ್ಲೊಂದು ಪಾಯಿಖಾನೆ ಕಟ್ಟಿಸಲು ಹೊರಟೆ. ಇಟ್ಟಿಗೆ ಸಿಮೆಂಟು ಇಳಿಸಲು ಅನುಕೂಲವೆಂದು ಜೀಪಿನ ದಾರಿಯ ಪಕ್ಕದಲ್ಲೇ ಗುರುತು ಹಾಕಿದೆ. ಕಮಲ ಬಂದು ನೋಡಿ, ಗುರುತಿನ ಗೂಟವನ್ನು ಕಿತ್ತು ನನ್ನ ಕೈಗೇ ಕೊಟ್ಟಳು. ‘ಇಲ್ಲಿ ಕಟ್ಟಿದ್ರೆ ಒಳಗ್ ಹೋಗೋರ ಹೆಸರು ಹೋಮ್‌ಸ್ಟೇಯೋರಿಗೂ ಬಾಯಿಪಾಠ ಆಗ್ತೈತೆ’ ಎಂದಳು. ಜಾಗ ಹುಡುಕಿದ್ದು ಹೆಂಗಸರು. ಹಳ್ಳದ ಮೇಲ್ಗಡೆ ನಾನು ಒಡೆಸದೆ ಉಳಿಸಿದ್ದ ಒಂದು ದೊಡ್ಡ ಬಂಡೆಯ ಹಿಂದೆ, ನಾನು ಈ ತೋಟದಲ್ಲಿ ಹುಟ್ಟಿ ಬೆಳೆದೂ ಎಂದೂ ನಿಂತಿರದ ಒಂದು ಮೂಲೆ. ಬಾಗಿಲು ಯಾವ ಕಡೆಗಿರಬೇಕು, ಚಿಲಕ ಎಷ್ಟು ಎತ್ತರದಲ್ಲಿರಬೇಕು, ಬಕೆಟ್ಟಿಗೆ ನೀರು ಎಲ್ಲಿಂದ ಬರಬೇಕು ಎಂಬುದನ್ನೆಲ್ಲ ಅವರೇ ಹೇಳಿದರು. ನಾನು ಪೈಪು ಎಳೆಸಿದೆ, ತಗಡು ಹೊದಿಸಿದೆ, ಬಂಡೆಯ ಮಗ್ಗುಲಲ್ಲಿ ಮತ್ತೆ ನಾಲ್ಕು ಲಂಟಾನ ಚಿಗುರಿದರೆ ಕೀಳಬೇಡಿ ಎಂದು ಆಳುಗಳಿಗೆ ಹೇಳಿದೆ.

ಎರಡನೆಯ ಸುತ್ತಿನ ಕುಯ್ಲು ಶುರುವಾದ ದಿನ ಬಿಂದಿಗೆಯನ್ನು ಹಿಂದೆಂದೂ ಇಲ್ಲದ ಆಸೆಯಿಂದ ಹೊತ್ತುಕೊಂಡು ಹೋದೆ. ಸಂಜೆ ನೋಡಿದರೆ ತುಂಬಿಯೇ ಇತ್ತು. ಎರಡನೆಯ ದಿನವೂ ಹಾಗೆಯೇ, ಮೂರನೆಯ ದಿನ ಕಂಠದಿಂದ ನಾಲ್ಕು ಬೆರಳು ಇಳಿದಿತ್ತು. ನನ್ನ ಮುಖ ನೋಡಿ ಕಮಲ, ‘ನೀವೇ ಹೇಳ್ತಿರ್ತೀರಲ್ಲ, ಅರ್ಧ ಚಮಚದಿಂದ ಶುರು ಮಾಡ್ಬೇಕು, ಎರಡ್ ಮೂರ್ ದಿನ ಕಾಯ್ಬೇಕು ಅಂತ’ ಎಂದಳು. ಮೂರು ವರ್ಷ ತಡೆದು ಅಭ್ಯಾಸವಾದ ಬಾಯಿ, ಬಾಗಿಲು ತೆರೆದ ಮಾತ್ರಕ್ಕೆ ನಂಬುವುದಿಲ್ಲ. ನಾನು ಮಾಡಬಹುದಾಗಿದ್ದ ಒಂದೇ ಕೆಲಸವೆಂದರೆ ಹೆಂಗಸರು ಬಂಡೆಯ ಕಡೆ ಹೊರಟಾಗ ತೋಟದ ಆ ಮಗ್ಗುಲಿನಲ್ಲಿ ಇಲ್ಲದಿರುವುದು. ಅದನ್ನು ಮಾಡಿದೆ, ಯಜಮಾನನಾದವನಿಗೆ ತನ್ನ ತೋಟದಲ್ಲಿ ಇಲ್ಲದಿರುವುದನ್ನು ಕಲಿಯಲು ಸ್ವಲ್ಪ ದಿನ ಹಿಡಿಯುತ್ತದೆ.

ಆರನೆಯ ದಿನಕ್ಕೆ ಸಾವಿತ್ರಕ್ಕ ಬಂದಳು. ಇನ್ನೂ ವಿಶ್ರಾಂತಿ ತಗೋ ಎಂದರೆ ಕೇಳದೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಳೆಯ ದನಿಯಲ್ಲೇ ಎಲ್ಲರನ್ನೂ ಆಡಿಕೊಳ್ಳುತ್ತ ಸಾಲು ಹಿಡಿದಳು. ನಾನು ದೂರದ ಸಾಲಿನಲ್ಲಿದ್ದೆ. ಹತ್ತರ ಹೊತ್ತಿಗೆ ಅವಳು ಎಲ್ಲರೂ ನೋಡುವಂತೆ ಹಲಸಿನ ಮರದ ಬುಡಕ್ಕೆ ಹೋಗಿ, ಅಲ್ಲಿಟ್ಟಿದ್ದ ಬಿಂದಿಗೆಯಿಂದ ಲೋಟದ ತುಂಬ ನೀರು ಬಗ್ಗಿಸಿಕೊಂಡು, ತಲೆಯೆತ್ತಿ ಗಟಗಟ ಕುಡಿದಳು. ಇನ್ನೊಂದು ಲೋಟ ಬಗ್ಗಿಸಿ ಪಕ್ಕದವಳ ಕೈಗೆ ಕೊಟ್ಟಳು. ಸಂಜೆ ಐದಕ್ಕೆ ನಾನು ಬಿಂದಿಗೆ ತೆಗೆದುಕೊಳ್ಳಲು ಹೋದಾಗ ಸೊಂಟಕ್ಕೆ ಕೈಯಿಟ್ಟು ಕಾದಿದ್ದಳು.

‘ಏನ್ ತಮ್ಮಯ್ಯ, ಮೂರ್ ಗಂಟೆಗೇ ನೀರು ಮುಗ್ದೋಯ್ತು. ಒಂದ್ ಬಿಂದಿಗೆ ಯಾವ್ ಮೂಲೆಗೋ? ನಾಳಿಂದ ಎರಡು ತತ್ತಾ.’

ಬೈಸಿಕೊಂಡು ಅಷ್ಟು ಸಂತೋಷವಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಬಿಂದಿಗೆಯನ್ನು ಎತ್ತಿದರೆ ಹೆಗಲವರೆಗೆ ತರುವ ಕೆಲಸವೇ ಇರಲಿಲ್ಲ, ಎರಡು ಬೆರಳು ಸಾಕಾದವು. ಇಳಿದು ಬಂದು, ಕೈಕಾಲು ತೊಳೆದು, ಅಭ್ಯಾಸದಂತೆ ಜಗಲಿಯಲ್ಲಿ ಕೂತು ಲೋಟಕ್ಕೆ ಬಗ್ಗಿಸಿದೆ. ಮೂರು ಹನಿ ಬಿತ್ತು. ಮೂರು ಕುಯ್ಲಿನ ಸಂಜೆಗಳಲ್ಲಿ ನನ್ನ ಹೊಟ್ಟೆಯನ್ನು ಸಲೀಸು ಮಾಡಿದ್ದು ಅವರೆಲ್ಲ ಕುಡಿಯದೆ ಉಳಿಸಿದ ನೀರು. ಒಳಗಿನಿಂದ ಕಮಲ, ‘ನಲ್ಲೀಲಿ ಹಿಡ್ಕಳ್ರೀ’ ಎಂದು ಕೂಗಿದಳು. ಎದ್ದು ಹೋಗಿ ನಲ್ಲಿಯಲ್ಲಿ ಲೋಟ ತುಂಬಿಸಿಕೊಂಡೆ, ಬಿಂದಿಗೆಯನ್ನು ತೊಳೆದು ಬೋರಲು ಹಾಕಿದೆ.